ಮೂರನೆಯ ನೀರು

ಆ ವಾಸನೆ ನನ್ನದು, ಡಾಕ್ಟರ್ ಅಫ್ರಾಹ್,
ಕೂಸಿನದಲ್ಲ.
ಇಗೋ ಮುಂಗೈ, ಮೂಸಿ.
ಸುಟ್ಟ ಬೆಲ್ಲವೋ, ಹೊತ್ತಿದ ಸಕ್ಕರೆ ಪಾಕವೋ,
ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆಯೋ ನಾನರಿಯೆ.
ಸನಾದ ನಮ್ಮ ಓಣಿಯಲ್ಲಿ ಅದು ಹುಲ್ಬ.
ಮೆಂತ್ಯ, ಅಷ್ಟೇ.

ಅಂತ ಮೊನ್ನೆ ನಿಮ್ಮೆದುರು ನಕ್ಕೆ.
ನೀವು ನಗಲಿಲ್ಲ.
ಕೂಸಿನ ಒದ್ದೆ ಬಟ್ಟೆ ಎತ್ತಿ ಮೂಸಿದಿರಿ,
ಕಿವಿಯ ಹಿಂದೆ ಮೂಸಿದಿರಿ,
ಎರಡು ಹನಿ ರಕ್ತ ಕಾಗದಕ್ಕೆ ಒತ್ತಿಸಿ
ಕೈರೋಗೆ ಹೋಗಬೇಕು, ಹದಿನೈದು ದಿನ, ಅಂದಿರಿ.

ನಲವತ್ತು ವರ್ಷದಿಂದ ಈ ಕೈಯ ಕೆಲಸ ಇದೇ.
ರಾತ್ರಿ ಹಿಟ್ಟಿಗೆ ನೀರು ಹೊಯ್ಯುವುದು.
ಬೆಳಗ್ಗೆ ಮೊದಲ ನೀರು ಚೆಲ್ಲು, ಅದು ಬರೀ ಕಹಿ.
ಎರಡನೆಯದನ್ನೂ ಚೆಲ್ಲು.
ಮೂರನೆಯದನ್ನು ನಾಲಿಗೆಗೆ ಮುಟ್ಟಿಸಿ ನೋಡದೆ ಚೆಲ್ಲಬೇಡ,
ಅಂದಿದ್ದಳು ನಮ್ಮಮ್ಮ. ಕಹಿ ಪೂರಾ ಹೋದರೆ
ಮೆಂತ್ಯವೂ ಹೋಯಿತು.
ಆಮೇಲೆ ಬೆರಳು ಅಗಲಿಸಿ ಬಡಿಯಬೇಕು,
ಹಳದಿ ಲೋಳೆ ಬಿಳುಪೇರುವ ತನಕ,
ಬಟ್ಟಲು ಬೋರಲು ಹಾಕಿದರೂ ಬೀಳದ ತನಕ.
ಭುಜ ನೋಯುತ್ತದೆ. ನೋಯದಿದ್ದರೆ ಅದು ನೊರೆಯಲ್ಲ.

ಮಗ ಮುಸ್ಲಿಹ್‌ನ ಅಂಗಡಿಯಲ್ಲಿ ಒಲೆ ಗುಡುಗುತ್ತದೆ.
ಕಲ್ಲಿನ ಚಟ್ಟಿಯಲ್ಲಿ ಮಾಂಸದ ಸಾರು ಕುದಿಕುದಿಯುತ್ತಿರುವಾಗಲೇ
ಮೇಲೆ ಒಂದು ಹಿಡಿ ನೊರೆ, ಹಸಿಮೆಣಸಿನ ಚಟ್ನಿ.
ಜನ ತುಟಿ ಸುಟ್ಟುಕೊಳ್ಳುತ್ತಾರೆ, ಬೈಯುತ್ತಾರೆ,
ಇನ್ನೊಂದು ರೊಟ್ಟಿ ಕೇಳುತ್ತಾರೆ.
ಸಕ್ಕರೆ ಕಾಯಿಲೆಯ ಪಕ್ಕದ ಮನೆ ಮುದುಕ
ನೆನೆಸಿದ ಕಾಳು ನುಂಗಲು ಬರುತ್ತಾನೆ,
ಆಮೇಲೆ ಬಕ್ಲಾವ ತಿನ್ನುತ್ತಾನೆ.
ಕುರು ಎದ್ದವರಿಗೆ ಬಿಸಿ ಹಿಟ್ಟು ಕಟ್ಟಿಕೊಡುತ್ತೇನೆ, ದುಡ್ಡಿಲ್ಲ.

ಸೊಸೆ ತಕ್ಕಿಯಳಿಗೂ ಕೊಟ್ಟೆ.
ನೋವು ಶುರುವಾದಾಗ ಒಂದು ಲೋಟ,
ಹೆತ್ತ ಮೇಲೆ ಹೊತ್ತಿಗೊಂದು ಬಟ್ಟಲು.
ಹಾಲಿಳಿಯಲಿ, ಸೊಂಟ ಕೂಡಲಿ.
ಮೂಗು ಮುಚ್ಚಿಕೊಂಡು ಕುಡಿದಳು, ಪಾಪ.
ತಾಯಿ ಕುಡಿದದ್ದು ಕೂಸಿನ ಬಟ್ಟೆಯಲ್ಲಿ ಬಂತು.
ಇದಕ್ಕೆ ಕೈರೋ ಯಾಕೆ?

ಆದರೆ ಡಾಕ್ಟರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ತಂಗಿ ಗಾಲಿಯ.
ಅವಳ ಮೊದಲ ಗಂಡು.
ಆ ಚಳಿಗಾಲ ಊರ ಸುತ್ತ ತೋಪುಗಳಿದ್ದವು,
ಒಳಗೆ ಒಂದು ಚೀಲ ಗೋಧಿ ಬರಲಿಲ್ಲ, ಉಪ್ಪು ಬರಲಿಲ್ಲ,
ಮೆಂತ್ಯದ ಡಬ್ಬದಲ್ಲಿ ಅಮ್ಮ ಸೂಜಿ ದಾರ ಇಟ್ಟಿದ್ದಳು.
ಬಾಣಂತಿಗೆ ಕೊಟ್ಟದ್ದು ಬಿಸಿನೀರು.
ಆದರೂ ಆ ಕೂಸು ಘಮಘಮ ಅನ್ನುತ್ತಿತ್ತು.
ಸಕ್ಕರೆ ಹುಡುಗ ಅಂತ ಮುದ್ದಾಡಿದೆವು.
ನಾನೇ ಹೆಸರಿಟ್ಟದ್ದು, ಸುಕ್ಕರ್ ಅಂತ.
ಐದನೆಯ ದಿನ ಮೊಲೆ ಬಿಟ್ಟಿತು.
ಏಳನೆಯ ದಿನ ಬೆನ್ನು ಬಿಲ್ಲಾಯಿತು.
ಕಣ್ಣು ತಾಗಿತು ಅಂದರು. ನಾನೂ ಅಂದೆ.

ಇಷ್ಟು ವರ್ಷ ಅದು ನೆನಪಾಗಲೇ ಇಲ್ಲ ನೋಡಿ,
ನೀವು ಕಿವಿಯ ಹಿಂದೆ ಮೂಸುವ ತನಕ.

ನೀವು ಹೇಳಿದಂತೆ ನಿಲ್ಲಿಸಿದೆ.
ಮೂರು ದಿನ ತಕ್ಕಿಯಳಿಗೆ ಬರೀ ಸಾರು.
ಮುಸ್ಲಿಹ್‌ಗೂ ಹೇಳಿದೆ, ನೊರೆ ನೀನೇ ಬಡಿದುಕೋ ಅಂತ.
ಗಿರಾಕಿಗಳು ಗೊಣಗಿದರಂತೆ, ಇದೇನು ಸೋಪಿನ ನೊರೆಯಾ ಎಂದು.
ಕೈಯನ್ನು ನಿಂಬೆಯಲ್ಲಿ ಉಜ್ಜಿದೆ, ಬೂದಿಯಲ್ಲಿ ಉಜ್ಜಿದೆ,
ತಲೆ ತೊಳೆದೆ, ಬೇರೆ ಶಾಲು ಹೊದ್ದೆ.

ವಾಸನೆ ಹೋದರೆ ಕಾಳಿನದು,
ಉಳಿದರೆ ಕೂಸಿನದು, ಅಂದಿದ್ದಿರಲ್ಲ.
ಮೊದಲ ದಿನ ಇತ್ತು.
ನಿನ್ನೆ ಕಡಿಮೆ ಅನ್ನಿಸಿತು.
ರಾತ್ರಿ ಎರಡು ಸಲ ಜೋರಾಗಿ ಅತ್ತ, ಹಾಲು ಕುಡಿದ.
ಇವತ್ತು ಬೆಳಗ್ಗೆ ಬಟ್ಟೆ ಬಿಚ್ಚಿ ಮೂಗಿಗೆ ಹಿಡಿದೆ,
ಇತ್ತು. ಗೋಡೆಗೆ ಮೂಗಿಟ್ಟೆ,
ಅಲ್ಲೂ ಇತ್ತು. ಬರಿಗಾಳಿ ಎಳೆದೆ,
ಅಲ್ಲೂ.

ನಲವತ್ತು ವರ್ಷ ನನ್ನ ಮೂಗಿನೊಳಗೇ ಕೂತಿದೆ ಇದು.
ಅಡುಗೆಯಲ್ಲಿ ನಾನು ಯಾರನ್ನೂ ನಂಬಿದವಳಲ್ಲ.

ಬಟ್ಟೆ ಒಣಗಲು ಬಿಟ್ಟಿಲ್ಲ, ಹಾಗೇ ತಂದಿದ್ದೇನೆ.
ಸ್ವಲ್ಪ ದೂರ ನಿಲ್ಲುತ್ತೇನೆ, ಆ ಕಿಟಕಿಯ ಹತ್ತಿರ.
ನೀವು ಮೂಸಿ ಹೇಳಿ.